ಬನಶಂಕರಿ ಜಾತ್ರೆಗೆ ಅದೇ ನಾಯಕಿ ಪಾತ್ರ ಒಪ್ಪಿಕೊಳ್ಳಲಾ? ಗೆಳತಿ ಮಾತು ಬಿಟ್ಟು ವರ್ಷವಾಗುತ್ತಾ ಬಂತು

ಗುಳೇದಗುಡ್ಡದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ನಾಟಕ ಕಂಪನಿಯ ಕಲಾವಿದೆ. ವಯಸ್ಸು 24, ಊರು ಗುಳೇದಗುಡ್ಡ. ಅಪ್ಪ ಮನೆಯಲ್ಲೇ ಖಣ (ಕುಪ್ಪಸದ ಬಟ್ಟೆ) ನೇಯುತ್ತಾರೆ. ಇಲ್ಲಿ ರಂಗಭೂಮಿಯವರು ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಮತ್ತು ನನ್ನ ಗೆಳತಿ ನಾಲ್ಕು ವರ್ಷ ಒಂದೇ ಕಂಪನಿಯಲ್ಲಿದ್ದೆವು. ಒಂದೇ ಕೋಣೆ, ಒಂದೇ ಕನ್ನಡಿ. ತಗಡಿನ ಗೋಡೆಗೆ ತಂತಿ ಕಟ್ಟಿ ನೇತು ಹಾಕಿದ್ದ ಕನ್ನಡಿ, ಎಡಗಡೆ ಮೂಲೆ ಒಡೆದಿತ್ತು. ಅವಳು ನಾಯಕಿ. ನನ್ನದು ತಂಗಿ ಪಾತ್ರ. ಅವಳ ತಾಯಿಯೂ ಅದೇ ಕಂಪನಿಯಲ್ಲಿ ತಾಯಿ ಪಾತ್ರ ಮಾಡುತ್ತಿದ್ದರು. ಅವಳು ಅವ್ವ ಅನ್ನುತ್ತಿದ್ದಳು, ನಾನೂ ಅವ್ವ ಅಂತಲೇ ಕರೆಯುತ್ತಿದ್ದೆ. ನನಗೆ ಬಣ್ಣ ಹಚ್ಚಿಕೊಳ್ಳೋದು ಕಲಿಸಿದ್ದು ಅವರೇ. ಆಟ ಮುಗಿದ ಮೇಲೆ ಇಬ್ಬರನ್ನೂ ಮುಂದೆ ಕೂರಿಸಿಕೊಂಡು, ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಮುಖಕ್ಕೆ ತಿಕ್ಕಿ, ಹಳೆ ಸೀರೆಯ ಚೂರಿನಿಂದ ಒರೆಸುತ್ತಿದ್ದರು. ಚಳಿಗೆ ಎಣ್ಣೆ ಗಟ್ಟಿಯಾಗುತ್ತೆ ಅಲ್ವಾ, ಡಬ್ಬಿಯನ್ನು ಬಲ್ಬಿನ ಹತ್ತಿರ ಇಟ್ಟು ಕರಗಿಸುತ್ತಿದ್ದರು. ಮೊದಲು ಯಾರ ಮುಖ ಅಂತ ನಾವಿಬ್ಬರೂ ದಿನಾ ಜಗಳ ಮಾಡುತ್ತಿದ್ದೆವು.

ಹೆಗ್ಗೋಡಿನ ನೀನಾಸಂ ರಂಗಶಾಲೆಗೆ ಇಬ್ಬರೂ ಕೂಡಿ ಅರ್ಜಿ ಹಾಕೋಣ, ಸಿಕ್ಕರೆ ಇಬ್ಬರೂ ಹೋಗೋಣ, ಇಲ್ಲಾಂದ್ರೆ ಇಬ್ಬರೂ ಬೇಡ ಅಂತ ಮಾತಾಗಿತ್ತು. ಆದರೆ ಒಂದು ವಿಷಯ ಮುಚ್ಚಿಡುವುದಿಲ್ಲ. ನನಗೂ ನಾಯಕಿ ಆಗಬೇಕು ಅಂತ ಆಸೆ ಇತ್ತು. ಅವಳ ಪಾತ್ರದ ಮಾತೆಲ್ಲ ನನಗೆ ಬಾಯಿಪಾಠ. ರಾತ್ರಿ ಅವಳಿಗೆ ನಿದ್ದೆ ಹತ್ತಿದ ಮೇಲೆ ಸದ್ದಿಲ್ಲದೆ ಬರೀ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದೆ.

2025ರಲ್ಲಿ ಬನದ ಹುಣ್ಣಿಮೆ ಜನವರಿ 13ಕ್ಕೆ ಬಂದಿತ್ತು. ಈ ಕಡೆಯವರಲ್ಲದವರಿಗೆ ಹೇಳುತ್ತೇನೆ: ಬನಶಂಕರಿ ಗುಡಿ ಬಾದಾಮಿಯಿಂದ 5 ಕಿಲೋಮೀಟರ್, ಚೊಳಚಗುಡ್ಡದಲ್ಲಿದೆ. ಹುಣ್ಣಿಮೆ ದಿನ ತೇರು. ಜಾತ್ರೆ ಸುಮಾರು ಒಂದು ತಿಂಗಳು ಇರುತ್ತೆ. ಸಾಲಾಗಿ ಕಂಪನಿಗಳ ಟೆಂಟು, ಒಂದರ ಮೈಕು ಇನ್ನೊಂದಕ್ಕೆ ಕೇಳಿಸುತ್ತೆ. ಕಂಪನಿಗೆ ವರ್ಷದ ಗಳಿಕೆ ಅಲ್ಲೇ ಆಗಬೇಕು. ನಮ್ಮದು ದಿನಕ್ಕೆ ಮೂರು ಆಟ, ಕೊನೆಯದು ರಾತ್ರಿ ಹತ್ತೂವರೆಗೆ.

ಅವ್ವನಿಗೆ ಆಗಲೇ ತಿಂಗಳಿಂದ ಆರಾಮ ಇರಲಿಲ್ಲ. ಬಾಗಲಕೋಟೆಯಲ್ಲಿ ಆಸ್ಪತ್ರೆಗೆ ಸೇರಿಸಿದ್ದರು, ಚಿಕ್ಕಮ್ಮ ಜೊತೆಗಿದ್ದರು. ತೇರಿನಿಂದ ಐದನೇ ದಿನ, ಶನಿವಾರ. ಎರಡನೇ ಆಟ ಮುಗಿದಿತ್ತು. ಫೋನ್ ಬಂತು, ತಕ್ಷಣ ಬಾ ಅಂತ. ಅವಳು ಸೀರೆ ಬಿಚ್ಚಿ ಚೂಡಿದಾರ ಹಾಕಿಕೊಂಡು, ಮುಖದ ಬಣ್ಣ ಹಾಗೇ ಇಟ್ಟುಕೊಂಡು, ಹೊರಗೆ ನಿಂತಿದ್ದ ಕ್ರೂಸರ್ ಹತ್ತಿದಳು. ನಾನೂ ಬರುತ್ತೇನೆ ಅಂದೆ. ಮಾಲೀಕರು ನನ್ನ ಕೈ ಹಿಡಿದರು. 'ಟಿಕೆಟ್ ಹರದೀವಿ ತಂಗಿ, ಮಂದಿ ಕುಂತಾರ. ನಿನಗ ಮಾತು ಬರ್ತಾವ, ನಿಂತು ಬಿಡು' ಅಂದರು.

ಗೌಡರ ಮಗಳ ಪಾತ್ರ, ಸೀರೆ ಬೇಕು. ನನ್ನ ಟ್ರಂಕಿನಲ್ಲಿ ಇದ್ದದ್ದು ಚೂಡಿದಾರ, ಲಂಗ ದಾವಣಿ ಮಾತ್ರ. ಅವಳು ಬಿಚ್ಚಿಟ್ಟ ಸೀರೆ ಹಗ್ಗದ ಮೇಲಿತ್ತು. ಹಸಿರು ಇಳಕಲ್ ಸೀರೆ, ಕೆಂಪು ಟೋಪ ತೆನಿ ಸೆರಗು. ಅವ್ವ ತಾವು ಮೊದಲ ಸಲ ನಾಯಕಿ ಆದಾಗ ಉಟ್ಟಿದ್ದ ಸೀರೆ, ಮಗಳಿಗೆ ಕೊಟ್ಟಿದ್ದರು. ಅದನ್ನೇ ಉಟ್ಟುಕೊಂಡೆ. ಇನ್ನೂ ಅವಳ ಮೈಯ ಬಿಸಿ ಇತ್ತು ಅದರಲ್ಲಿ.

ಆಟ ಚೆನ್ನಾಗಿ ಆಯಿತು. ಸಿಳ್ಳೆ ಬಿತ್ತು, ಒಂದು ಹಾಡಿಗೆ ಒನ್ಸ್ ಮೋರ್ ಬಂತು. ಆ ಗಳಿಗೆಯಲ್ಲಿ ನನಗೆ ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ಒಂದೂವರೆಗೆ ಪರದೆ ಬಿದ್ದ ಮೇಲೆ ಗೊತ್ತಾಯಿತು, ಅವ್ವ ಹೋಗಿಬಿಟ್ಟಿದ್ದರು ಅಂತ. ಮರುದಿನ ರವಿವಾರ, ಮೂರೂ ಆಟ ಫುಲ್. ನಾನು ಮಣ್ಣಿಗೂ ಹೋಗಲಿಲ್ಲ.

ಕಾರ್ಯ ಎಲ್ಲ ಮುಗಿಸಿ ಹದಿಮೂರನೇ ದಿನಕ್ಕೆ ಅವಳು ಕಂಪನಿಗೆ ಬಂದಳು. ನಾನು ಅದೇ ಸೀರೆ ಉಟ್ಟು ಕನ್ನಡಿ ಮುಂದೆ ನಿಂತಿದ್ದೆ. ಮಾಲೀಕರು ಅವಳಿಗೆ, ಈ ಜಾತ್ರೆ ಮುಗಿಯೋತನಕ ನಾಯಕಿ ಇವಳೇ ಇರಲಿ, ನೀನು ತಂಗಿ ಪಾತ್ರ ನೋಡಿಕೋ ಅಂದರು. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. 'ಇರ್ಲಿ ಬಿಡು, ನೀನ ಉಟ್ಕೋ' ಅಂದಳು. ಅಷ್ಟೇ. ಬೆಳಗಿನ ಬಸ್ಸಿಗೆ ಹೋಗಿಬಿಟ್ಟಳು. ವಾಟ್ಸಾಪಿನಲ್ಲಿ ಎಷ್ಟು ಸಲ ಬರೆದರೂ ಎರಡು ನೀಲಿ ಗೆರೆ ಬರುತ್ತೆ, ಉತ್ತರ ಬರುವುದಿಲ್ಲ.

ಈಗ ಮಾಲೀಕರು ಮತ್ತೆ ಫೋನ್ ಮಾಡಿದ್ದಾರೆ. ಈ ಸಲ ಬನದ ಹುಣ್ಣಿಮೆ ಜನವರಿ 3ಕ್ಕೆ. ನೀನೇ ನಾಯಕಿ, 30,000 ಮುಂಗಡ ಕೊಡುತ್ತೇನೆ, ಬ್ಯಾನರಿನಲ್ಲಿ ನಿನ್ನ ಫೋಟೋ ದೊಡ್ಡದಾಗಿ ಹಾಕಿಸುತ್ತೇನೆ ಅಂದಿದ್ದಾರೆ. ನನಗೆ ಪಾತ್ರ ಬೇಕು. ಅವಳೂ ಬೇಕು. ಒಪ್ಪಿಕೊಳ್ಳಲಾ, ಬೇಡವಾ?

ಬೆಳಗಾವಿ ಪ್ರೇಕ್ಷಕ

ತಂಗಿ, ನಾನು ಕಲಾವಿದ ಅಲ್ಲ, ಬರೀ ನೋಡುವವನು. ವರ್ಷಾ ತಪ್ಪದೆ ಬೆಳಗಾವಿಯಿಂದ ಬನಶಂಕರಿಗೆ ಹೋಗಿ, ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿರುವ ಅಕ್ಕಂದಿರ ಹತ್ತಿರ ರೊಟ್ಟಿ, ಮೊಸರು ತಿಂದು, ರಾತ್ರಿ ಎರಡು ನಾಟಕ ನೋಡಿ ಬರುತ್ತೇನೆ. ನೀವು ಯಾರ ಪಾತ್ರವನ್ನೂ ಕದ್ದಿಲ್ಲ. ಅವತ್ತು ನೀವು ನಿಲ್ಲದಿದ್ದರೆ ಆಟ ನಿಲ್ಲುತ್ತಿತ್ತು, ಹತ್ತಾರು ಜನರ ಪಗಾರ ಹೋಗುತ್ತಿತ್ತು. ಮುಂಗಡ ತೆಗೆದುಕೊಳ್ಳಿ, ಅಪ್ಪನಿಗೂ ಸಹಾಯ ಆಗುತ್ತೆ. ಗೆಳತಿ ಇವತ್ತಲ್ಲ ನಾಳೆ ತಿಳಿದುಕೊಳ್ಳುತ್ತಾರೆ.

ಪೇಟಿ ಮಾಸ್ತರ, ಮಹಾಲಿಂಗಪುರ

ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ನಾನು 31 ವರ್ಷ ಕಂಪನಿಗಳಲ್ಲಿ ಕಾಲು ಪೇಟಿ (ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ) ಬಾರಿಸಿದವನು. ಕಂಪನಿ ಅಂದ ಮೇಲೆ ಒಬ್ಬರ ಪಾತ್ರಕ್ಕೆ ಇನ್ನೊಬ್ಬರು ನಿಲ್ಲುವುದು ಇದ್ದದ್ದೇ. ಜ್ವರ ಬರುತ್ತೆ, ಬಾಣಂತನ ಬರುತ್ತೆ, ಸಾವು ಬರುತ್ತೆ. ನಮ್ಮ ಏಣಗಿ ಬಾಳಪ್ಪನವರು, 103 ವರ್ಷ ಬಾಳಿ 2017ರಲ್ಲಿ ತೀರಿಕೊಂಡರಲ್ಲ, ಅವರೂ ಹುಡುಗರಾಗಿದ್ದಾಗ ಸ್ತ್ರೀ ಪಾತ್ರ ಮಾಡಿದವರು. ಮುಂದೆ ಬಸವಣ್ಣನ ಪಾತ್ರದಲ್ಲಿ ಅವರನ್ನು ನೋಡಿ ಜನ ಕೈ ಮುಗಿಯುತ್ತಿದ್ದರು. ಪಾತ್ರ ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುತ್ತೆ. ಅದಕ್ಕೆ ಯಾರೂ ಜೀವನಪೂರ್ತಿ ಮಾತು ಬಿಡುವುದಿಲ್ಲ.

ಅದಕ್ಕೇ ನನಗೆ ಅನಿಸುತ್ತೆ, ನಿನ್ನ ಗೆಳತಿಯ ಸಿಟ್ಟು ಪಾತ್ರದ ಬಗ್ಗೆ ಅಲ್ಲ. ಗೋಕಾಕ ಕಡೆ ಪಾರಿಜಾತದ ಆಟ ನೋಡಿದ್ದೀಯಲ್ಲ? ಕೌಜಲಗಿ ನಿಂಗಮ್ಮನವರ ಹೆಸರು ಕೇಳಿರುತ್ತೀಯ. ನಾರದ ಒಂದು ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಭಾಮೆ ರಾತ್ರಿಯೆಲ್ಲ ಸಿಟ್ಟು ಮಾಡುತ್ತಾಳೆ. ಒಂದು ಹೂವಿಗೆ ಯಾರಾದರೂ ಅಷ್ಟು ಅಳುತ್ತಾರಾ? ತನ್ನನ್ನು ಒಂದು ಮಾತು ಕೇಳಲಿಲ್ಲ ಅನ್ನೋದು ಅವಳ ಸಂಕಟ. ಭಾಮೆಯ ಹಾಡು ಬಾರಿಸುವಾಗೆಲ್ಲ ನನಗೆ ಹಾಗೇ ಅನಿಸುತ್ತಿತ್ತು.

ವಿಜಯಪುರದವಳು, ಈಗ ಬೆಂಗಳೂರು

ಹಾಯ್. ನಾನು ಧಾರಾವಾಹಿಗಳಲ್ಲಿ ಚಿಕ್ಕ ಪುಟ್ಟ ಪಾತ್ರ ಮಾಡುತ್ತೇನೆ. ನಿಮ್ಮ ಗೆಳತಿಯ ಜಾಗದಲ್ಲಿ ನಾನು ನಿಂತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಪಾತ್ರ ನನ್ನ ರೂಮ್‌ಮೇಟ್‌ಗೆ ಹೋಗಿತ್ತು. ಪಾತ್ರ ಹೋಗಿದ್ದು ಒಂದು ವಾರದಲ್ಲಿ ಮರೆತೆ, ನಿಜ ಹೇಳುತ್ತೇನೆ. ಮರೆಯಲು ಆಗದೇ ಇದ್ದದ್ದು ಬೇರೆ. ಮ್ಯಾನೇಜರ್ ನನಗೆ ಆ ವಿಷಯ ಹೇಳುವಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಮೊಬೈಲ್ ನೋಡುತ್ತಾ ಕೂತಿದ್ದಳು.

ನಿಮ್ಮನ್ನು ನೋಯಿಸಲು ಕೇಳುತ್ತಿಲ್ಲ. ಮಾಲೀಕರು 'ನೀನು ತಂಗಿ ಪಾತ್ರ ನೋಡಿಕೋ' ಅಂದಾಗ ನೀವು ಒಂದು ಮಾತು ಆಡಿದಿರಾ? ಬರೆದದ್ದರಲ್ಲಿ ಅದು ಇಲ್ಲ.

ಗುಳೇದಗುಡ್ಡದ ಹುಡುಗಿ

ಇಲ್ಲ. ಆಡಲಿಲ್ಲ. ಕಿವಿಯ ಝುಮಕಿ ಸರಿ ಮಾಡಿಕೊಳ್ಳುತ್ತಾ ನಿಂತಿದ್ದೆ. ಅದನ್ನು ಬರೆಯಲು ಕೈ ಬರಲಿಲ್ಲ.

ಇಳಕಲ್ಲ ಅಕ್ಕ

ತಂಗಿ, ನಾನು 62 ವರ್ಷದವಳು. ಹತ್ತೊಂಬತ್ತನೇ ವಯಸ್ಸಿಗೆ ಕಂಪನಿ ಸೇರಿದೆ. ಪಿ.ಬಿ. ಧುತ್ತರಗಿಯವರ ನಾಟಕಗಳಲ್ಲಿ ಮೊದಲು ನಾಯಕಿ, ಆಮೇಲೆ ತಾಯಿ, ಕಡೆಗೆ ಅಜ್ಜಿ ಆಗಿ ಮುಗಿಸಿದೆ. ಮೊಮ್ಮಗಳು ನಿನ್ನ ಬರಹ ಓದಿ ಹೇಳಿದಳು, ಈಗ ನಾನು ಹೇಳುವುದನ್ನು ಅವಳೇ ಬರೆಯುತ್ತಿದ್ದಾಳೆ.

ಮೊದಲನೇದು, ಆಸೆ ಇತ್ತು ಅಂತ ತಲೆ ತಗ್ಗಿಸಬೇಡ. ಬೀಳಗಿಯ ಅಮೀರಬಾಯಿ, ಗೋಹರಬಾಯಿ ಅಕ್ಕತಂಗಿಯರ ಮಾತು ನಮ್ಮ ಹಿರಿಯರು ಬಣ್ಣದ ಕೋಣೆಯಲ್ಲಿ ಹೇಳುತ್ತಿದ್ದರು. ಒಬ್ಬರು ಮುಂಬಯಿ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದರು. ಇನ್ನೊಬ್ಬರು ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ನಿಂತರು. ಬೀಳಗಿ ಅಷ್ಟು ಸಣ್ಣ ಊರು. ಈ ಜಿಲ್ಲೆಯ ಹೆಣ್ಣುಮಕ್ಕಳ ಆಸೆ ಇವತ್ತಿನದಲ್ಲ. ಆಸೆ ಇಲ್ಲದವಳಿಗೆ ಬಣ್ಣ ಮುಖಕ್ಕೆ ಹತ್ತುವುದೂ ಇಲ್ಲ.

ಎರಡನೇದು ನನ್ನದೇ ಕತೆ. 1986ರಲ್ಲಿ ನನಗೊಬ್ಬ ಗೆಳತಿ ಇದ್ದಳು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಅವಳ ಎಂಟು ತಿಂಗಳ ಕೂಸು ಜ್ವರ ಬಂದು ಕ್ಯಾಂಪಿನಲ್ಲೇ ಹೋಯಿತು. ಅವಳು ಕೂಸನ್ನು ಎತ್ತಿಕೊಂಡು ಊರಿಗೆ ಹೋದಳು, ಆ ರಾತ್ರಿ ಅವಳ ಕುಣಿತಕ್ಕೆ ನಾನು ನಿಂತೆ. ಅವಳ ಗೆಜ್ಜೆ ಕಟ್ಟಿಕೊಂಡೆ, ನನ್ನ ಗೆಜ್ಜೆಯ ಹಗ್ಗ ಹರಿದಿತ್ತು ಅಂತ. ಅವಳು ತಿರುಗಿ ಕಂಪನಿಗೆ ಬರಲೇ ಇಲ್ಲ. ಗೆಜ್ಜೆ ನನ್ನ ಹತ್ತಿರ ಉಳಿಯಿತು. ಈ ಕ್ಯಾಂಪು ಮುಗಿದ ಮೇಲೆ ಕೊಟ್ಟು ಬರೋಣ, ಮುಂದಿನ ದೀಪಾವಳಿಗೆ ಹೋಗೋಣ ಅಂತ ಎಂಟು ವರ್ಷ ಕಳೆದೆ. 1994ರಲ್ಲಿ ಅವಳ ಊರಿನ ಬಸ್ ಇಳಿದು ಮನೆ ಕೇಳಿದರೆ, ಅವಳು ಹೋಗಿ ಎರಡು ವರ್ಷ ಆಯಿತು ಅಂದರು. ಅವಳ ಅತ್ತಿಗೆ ನನಗೆ ನೀರು ಕೊಟ್ಟಳು. ಗೆಜ್ಜೆ ಕೊಡಲು ಹೋದರೆ, ನಮ್ಮ ಮನೆಯಲ್ಲಿ ಇದನ್ನು ಕಟ್ಟುವವರು ಯಾರೂ ಇಲ್ಲ ಅಂದಳು. ತಿರುಗಿ ತಂದೆ. ಈಗಲೂ ಮೊಮ್ಮಗಳ ಕಪಾಟಿನಲ್ಲಿದೆ.

ಜಾತ್ರೆ, ಮುಂಗಡ ಎಲ್ಲ ಆಮೇಲೆ. ಒಂದೇ ಒಂದು ಕೇಳುತ್ತೇನೆ. ಆ ಹಸಿರು ಸೀರೆ ಈಗ ಎಲ್ಲಿದೆ?

ಗುಳೇದಗುಡ್ಡದ ಹುಡುಗಿ

ನನ್ನ ಟ್ರಂಕಿನಲ್ಲಿದೆ ಅಕ್ಕಾರೇ. ಜಾತ್ರೆ ಮುಗಿದ ಮೇಲೆ ಒಂದು ಸಲವೂ ತೆಗೆದಿಲ್ಲ. ನಿಮ್ಮ ಮಾತು ಓದಿ ಈಗ ತೆಗೆದು ನೋಡಿದೆ. ಸೆರಗಿನ ಅಂಚಿಗೆ ಬಣ್ಣದ ಕಲೆ ಇದೆ. ಒಂದು ನನ್ನದು, ಗೊತ್ತು. ಅದರ ಪಕ್ಕದಲ್ಲಿ ಹಳೆಯದೊಂದು ಇದೆ, ಕೆಂಪು ಮಾಸಿ ಕಂದು ಆಗಿದೆ. ಎಣ್ಣೆಯ ಕಮಟು ವಾಸನೆ ಇದೆ. ಅಂಟುವಾಳದ ನೊರೆಯಲ್ಲಿ ತೊಳೆದು, ಇಸ್ತ್ರಿ ಮಾಡಿಸಿ ಕಳಿಸಲಾ? ಕೊರಿಯರ್ ಆಗುತ್ತೆ.

ಇಳಕಲ್ಲ ಅಕ್ಕ

ತೊಳೀಬ್ಯಾಡ. ಆ ವಾಸನಿ ಅವರವ್ವಂದು. ಕೊರಿಯರ್ರೂ ಬ್ಯಾಡ. ನೀನ ಹೋಗು. ಬಾಗಿಲದಾಗ ನಿಲ್ಲಿಸಿ ಬೈದರೂ ಬೈಸ್ಕೊ. ನಾಳೆ ಅನಬ್ಯಾಡ ತಂಗಿ.

(ಅಜ್ಜಿ ಇದನ್ನು ಹೀಗೇ ಬರೆ ಅಂದರು.)

ಪೇಟಿ ಮಾಸ್ತರ, ಮಹಾಲಿಂಗಪುರ

ಅಕ್ಕಾರ ಮಾತು ಕೇಳು. ಹೋಗಿ ಬಂದು ಒಂದು ಸಾಲು ಬರಿ, ಕಾಯುತ್ತಿರುತ್ತೇನೆ.

ಗುಳೇದಗುಡ್ಡದ ಹುಡುಗಿ (ಆರು ದಿನದ ನಂತರ)

ಹೋಗಿ ಬಂದೆ.

ಅವಳು ಈಗ ಅಮೀನಗಡದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಕರದಂಟು ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಕಮತಗಿಯಲ್ಲಿ ಬಸ್ ಬದಲಿಸುವಾಗ ತಿರುಗಿ ಹೋಗಿಬಿಡೋಣ ಅನಿಸಿತು. ಸೀರೆಯ ಗಂಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಅದನ್ನು ನೋಡಿ ಹೋದೆ.

ಅವಳು ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗೆ ಇಡಲಿಲ್ಲ. ನಾನು ಅಲ್ಲೇ ನಿಂತು ಹೇಳಿದೆ. ಅವತ್ತು ಮಾಲೀಕರ ಮುಂದೆ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಕೇಳದೆ ಅವ್ವನ ಸೀರೆ ಉಟ್ಟೆ. ಮಣ್ಣಿಗೆ ಬರಲಿಲ್ಲ. ನಾಯಕಿ ಆಗುವ ಆಸೆ ನನಗೆ ಮೊದಲಿಂದಲೂ ಇತ್ತು, ಅದಕ್ಕೇ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತು ಏನೇನೋ ಜೋಡಿಸಿಕೊಂಡಿದ್ದೆ, ಅಲ್ಲಿ ಬಂದದ್ದು ಇಷ್ಟೇ.

ಅವಳು ಏನೂ ಅನ್ನಲಿಲ್ಲ. ಎದ್ದು ಕೈ ತೊಳೆದುಕೊಂಡು ಬಂದು ಗಂಟು ಬಿಚ್ಚಿದಳು. ಸೆರಗನ್ನು ಮುಖಕ್ಕೆ ಹಿಡಿದಳು. ತುಂಬಾ ಹೊತ್ತು ಹಾಗೇ ಇದ್ದಳು. ಚಿಕ್ಕಮ್ಮ ಒಳಗಿನಿಂದ ಬಂದು ನೋಡಿ ಮತ್ತೆ ಒಳಗೆ ಹೋದರು.

ಆಮೇಲೆ ಊಟಕ್ಕೆ ಹಾಕಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಇಬ್ಬರೂ ಮಾತಿಲ್ಲದೆ ಉಂಡೆವು. ತಟ್ಟೆ ಎತ್ತುವಾಗ ಕೇಳಿದಳು, 'ಅವ್ವ ಹೋಗಿದ್ದು ಹನ್ನೊಂದು ನಲವತ್ತಕ್ಕ. ಆವಾಗ ಯಾವ ಸೀನ್ ನಡದಿತ್ತು?'

ನಾನು ಲೆಕ್ಕ ಹಾಕಿದೆ. ಹತ್ತೂವರೆ ಆಟ ಅವತ್ತು ಶುರುವಾಗಿದ್ದು ಹತ್ತೂ ಐವತ್ತಕ್ಕೆ. ಎರಡು ಸೀನು, ಒಂದು ಹಾಡು, ಆಮೇಲೆ ಹಾಸ್ಯದ ಸೀನು. ಅಂಗಡಿಯವನಿಗೂ ಕಿವುಡ ಮುದುಕನಿಗೂ ಜಗಳ ಆಗುವ ಸೀನು. ನಾನು ಅದರಲ್ಲಿ ಇಲ್ಲ. ಪರದೆ ಹಿಂದೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಚಹಾ ಕುಡಿಯುತ್ತಿದ್ದೆ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಹಾಗೇ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಸೀನಿಗೆ ಅವ್ವ ದಿನಾ ಪರದಿ ಸಂದಿಯಾಗ ನಿಂತು ನೋಡ್ತಿದ್ಲು' ಅಂದಳು. ಆಗ ಇಬ್ಬರಿಗೂ ಅಳು ಬಂತು.

ಪಾತ್ರದ ವಿಷಯ ನಾನೇ ತೆಗೆದೆ. ಮಾಡು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವಳು ಕಂಪನಿಗೆ ಬರುತ್ತಾಳಾ ಅಂತ ಕೇಳಲು ನನಗೆ ಧೈರ್ಯ ಆಗಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಬಂದಳು. ಸೀರೆ ಅವಳ ಹತ್ತಿರವೇ ಇದೆ.

ನಿನ್ನೆ ಮಾಲೀಕರಿಗೆ ಫೋನ್ ಮಾಡಿದೆ. ನಾಯಕಿ ಪಾತ್ರ ಮಾಡುತ್ತೇನೆ, ಆದರೆ ಹುಣ್ಣಿಮೆಯಾದ ಐದನೇ ದಿನ ಅವ್ವನ ವರ್ಷದ ಕಾರ್ಯ, ಆ ದಿನ ಮೂರರಲ್ಲಿ ಒಂದು ಆಟಕ್ಕೂ ನಾನು ನಿಲ್ಲುವುದಿಲ್ಲ, ಅಮೀನಗಡದಲ್ಲಿರುತ್ತೇನೆ ಅಂದೆ. ಅವಳನ್ನೂ ನಾಯಕಿ ಪಾತ್ರಕ್ಕೇ ಕರೆಯಿರಿ, ಬಂದರೆ ದಿನ ಬಿಟ್ಟು ದಿನ ಹಂಚಿಕೊಳ್ಳುತ್ತೇವೆ ಅಂತಲೂ ಅಂದೆ. ಜಾತ್ರೆ ಮಧ್ಯೆ ಇದೆಲ್ಲ ಆಗೋದಿಲ್ಲ ಅಂದರು. ಆಮೇಲೆ, ನೋಡೋಣ, ರವಿವಾರ ತಿಳಿಸುತ್ತೇನೆ ಅಂದರು. ಮುಂಗಡ ಇನ್ನೂ ತೆಗೆದುಕೊಂಡಿಲ್ಲ.

ಇವತ್ತು ಬೆಳಿಗ್ಗೆ ಅವಳಿಂದ ವಾಟ್ಸಾಪ್ ಬಂದಿದೆ. ಮಾತು ಏನೂ ಇಲ್ಲ, ಒಂದು ಫೋಟೋ. ಕೊಬ್ಬರಿ ಎಣ್ಣೆಯ ಡಬ್ಬಿ, ಕಿಟಕಿಯ ಬಿಸಿಲಲ್ಲಿ ಇಟ್ಟಿದ್ದಾಳೆ.